ನೆಲದವರನ್ನು ಕಡೆಗಣಿಸಿದ ದಾಳಿಕೋರರು: ಕಿರು ಕಾಮಿಕ್ಸ್‌ನ ಒಂದು ಕಥಾವಸ್ತು

ಅನ್ಯಗ್ರಹದ ದಾಳಿಕೋರರು ಭೂಮಿಗೆ ಬಂದು, ಇಲ್ಲಿನವರನ್ನು ಕೈಲಾಗದವರೆಂದು ಎಣಿಸಿ, ಆ ಎಣಿಕೆಯಿಂದಲೇ ಕೆಡುವ ಕಥೆ ವೈಜ್ಞಾನಿಕ ಕಾಮಿಕ್ಸ್‌ನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಹತ್ತು ಪುಟ ದಾಟದ ಕಿರು ಕಾಮಿಕ್ಸ್ ಇದರ ತವರು. ನೌಕೆ ಇಳಿಯುತ್ತದೆ, ದಳಪತಿ ಸುತ್ತ ಕಣ್ಣಾಡಿಸಿ ಸ್ಥಳೀಯರ ಬಗ್ಗೆ ತೀರ್ಪು ಕೊಡುತ್ತಾನೆ, ಕೊನೆಯ ಪುಟದಲ್ಲಿ ಆ ತೀರ್ಪು ತಲೆಕೆಳಗಾಗುತ್ತದೆ. ಕಥೆಯ ನಡಿಗೆ ಇಷ್ಟೇ. ಇಂಥ ಕಥೆಗಳಲ್ಲಿ ಹೆಚ್ಚಿನವು ಓದಿದ ಮರುಗಳಿಗೆಗೆ ಮರೆತುಹೋಗುತ್ತವೆ, ಕೆಲವು ಮಾತ್ರ ಅರ್ಧ ಶತಮಾನ ಕಳೆದರೂ ಓದುಗರ ನೆನಪಿನಲ್ಲಿ ನಿಂತಿವೆ. ನಿಂತವುಗಳಲ್ಲಿ ಒಂದು ಸಮಾನ ಗುಣ ಕಾಣುತ್ತದೆ. ದಾಳಿಕೋರನನ್ನು ಸೋಲಿಸುವ ವಸ್ತು ಮೊದಲಿನಿಂದಲೂ ಅವನ ಕಣ್ಣೆದುರೇ ಇರುತ್ತದೆ, ಅವನು ಅದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಈ ಕಥಾವಸ್ತುವಿನ ಬೇರು ವಸಾಹತುಶಾಹಿಯ ಇತಿಹಾಸದಲ್ಲಿದೆ. 1879ರ ಜನವರಿ 22ರಂದು ದಕ್ಷಿಣ ಆಫ್ರಿಕದ ಇಸಾಂಡ್ಲ್‌ವಾನಾದಲ್ಲಿ ಜುಲು ಸೈನ್ಯ ಬ್ರಿಟಿಷ್ ದಂಡಿನ ಬೀಡನ್ನು ಸುತ್ತುವರಿದು 1,300ಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಬ್ರಿಟಿಷರ ಬಳಿ ಆಧುನಿಕ ಬಂದೂಕು, ಫಿರಂಗಿಗಳಿದ್ದವು. ಜುಲುಗಳ ಮುಖ್ಯ ಆಯುಧ ಭರ್ಜಿ. ಎರಡು ಕೊಂಬುಗಳಂತೆ ಇಕ್ಕೆಲದಿಂದ ಆವರಿಸಿಕೊಂಡು ಬರುವ ಅವರ ವ್ಯೂಹವನ್ನು ಬ್ರಿಟಿಷ್ ಅಧಿಕಾರಿಗಳು ಕೇಳಿ ಬಲ್ಲವರಾಗಿದ್ದರೂ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. 1896ರ ಮಾರ್ಚ್ 1ರಂದು ಇಥಿಯೋಪಿಯದ ಅಡ್ವಾದಲ್ಲಿ ಎರಡನೇ ಮೆನೆಲಿಕ್ ಚಕ್ರವರ್ತಿಯ ಪಡೆ ಇಟಲಿಯ ಸೈನ್ಯವನ್ನು ಸೋಲಿಸಿತು. ಇಟಲಿಯ ಜನರಲ್ ಬರತಿಯೇರಿಯ ದಳಗಳು ತಪ್ಪು ನಕ್ಷೆಯನ್ನು ನಂಬಿ ರಾತ್ರಿಯಲ್ಲಿ ಒಂದರಿಂದೊಂದು ದೂರ ಸರಿದಿದ್ದವು. ಎದುರಿಗಿದ್ದವರಲ್ಲಿ ಬಂದೂಕು, ಫಿರಂಗಿ ಎರಡೂ ಇದ್ದವು, ನೆಲದ ಪರಿಚಯವಂತೂ ಇದ್ದೇ ಇತ್ತು.

ಇದೇ ಬಗೆಯ ಒಂದು ಸೋಲು ಕರ್ನಾಟಕದಲ್ಲಿ ಚಿತ್ರವಾಗಿಯೇ ಉಳಿದಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೈಲಿಯ ದಂಡನ್ನು ಮುರಿಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಕಾಳಗದ ದೊಡ್ಡ ವರ್ಣಚಿತ್ರವಿದೆ. ನಡುವೆ ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತ ಕಂಪನಿ ಸಿಪಾಯಿಗಳು, ಅವರ ಮಧ್ಯೆ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಳ್ಳುತ್ತಿರುವ ಬೈಲಿ, ಹತ್ತಿರದಲ್ಲೇ ಸಿಡಿದುಹೋಗುತ್ತಿರುವ ಮದ್ದಿನ ಬಂಡಿ, ನಾಲ್ಕೂ ಕಡೆಯಿಂದ ಮುತ್ತಿದ ಮೈಸೂರಿನ ಕುದುರೆ ಸವಾರರು. ಮೈಸೂರಿನವರ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಕಂಪನಿ ಗಂಭೀರವಾಗಿ ಅಭ್ಯಾಸ ಮಾಡಿದ್ದು ಆಮೇಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಅವುಗಳ ಮಾದರಿಗಳು ಇಂಗ್ಲೆಂಡಿಗೆ ಹೋದವು, ವಿಲಿಯಂ ಕಾಂಗ್ರೀವ್‌ನ ರಾಕೆಟ್ಟುಗಳು ಅವುಗಳ ಆಧಾರದ ಮೇಲೆ ಬೆಳೆದವು. ದರಿಯಾ ದೌಲತ್‌ನ ಚಿತ್ರವನ್ನು ಕಾಮಿಕ್ಸ್ ಎನ್ನುವಂತಿಲ್ಲ. ಆದರೆ ದಾಳಿಗೆ ಬಂದವನ ಮುಖದಲ್ಲಿ ಲೆಕ್ಕ ತಪ್ಪಿದ ಗಳಿಗೆಯನ್ನು ಹಿಡಿಯುವ ಕೆಲಸವನ್ನು ಅದು ಕಾಮಿಕ್ಸ್ ಹುಟ್ಟುವುದಕ್ಕಿಂತ ಬಹಳ ಮೊದಲೇ ಮಾಡಿದೆ.

ಈ ಅನುಭವ ಕಥೆಯಾಗಿದ್ದು ಇಂಗ್ಲೆಂಡಿನಲ್ಲಿ. ಭಾರತದಲ್ಲಿ ಸೇವೆ ಸಲ್ಲಿಸಿದ್ದ ಸೇನಾ ಎಂಜಿನಿಯರ್ ಜಾರ್ಜ್ ಚೆಸ್ನಿ 1871ರಲ್ಲಿ 'ದಿ ಬ್ಯಾಟಲ್ ಆಫ್ ಡಾರ್ಕಿಂಗ್' ಬರೆದ. ಪರದೇಶದ ಸೈನ್ಯ ಇಂಗ್ಲೆಂಡನ್ನೇ ಗೆಲ್ಲುವ ಕಥೆ ಅದು. ಅದರ ಹಿಂದೆಯೇ ಆಕ್ರಮಣದ ಕಥೆಗಳು ಸಾಲುಗಟ್ಟಿ ಬಂದವು. ಎಚ್. ಜಿ. ವೆಲ್ಸ್ ಆ ಸಾಲನ್ನು ಬಾಹ್ಯಾಕಾಶಕ್ಕೆ ಒಯ್ದ. 1897ರಲ್ಲಿ ಧಾರಾವಾಹಿಯಾಗಿ ಬಂದು 1898ರಲ್ಲಿ ಪುಸ್ತಕವಾದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದವರು ಮೂರು ಕಾಲಿನ ಯಂತ್ರಗಳಲ್ಲಿ ಬಂದು ಲಂಡನ್ ಸುತ್ತಲಿನ ನಾಡನ್ನು ಸುಟ್ಟುಹಾಕುತ್ತಾರೆ. ಅವರನ್ನು ನಿರ್ದಯರೆಂದು ದೂರುವ ಮೊದಲು ಯೂರೋಪಿನವರು ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಮಾಡಿದ್ದನ್ನು ನೆನೆಯಬೇಕೆಂದು ವೆಲ್ಸ್ ಮೊದಲ ಅಧ್ಯಾಯದಲ್ಲೇ ಹೇಳುತ್ತಾನೆ. ಆ ಜನ ಪೂರ್ತಿ ಅಳಿದುಹೋದರೆಂದು ಅವನ ಕಾಲದವರು ನಂಬಿದ್ದರು. ಅದೂ ತಪ್ಪೆಣಿಕೆಯೇ. ಅವರ ವಂಶಸ್ಥರು ಇಂದಿಗೂ ಅದೇ ದ್ವೀಪದಲ್ಲಿ ಬಾಳುತ್ತಿದ್ದಾರೆ.

ವೆಲ್ಸ್‌ನ ಮಂಗಳವಾಸಿಗಳನ್ನು ಕೊಲ್ಲುವುದು ಮನುಷ್ಯರಲ್ಲ, ಬ್ಯಾಕ್ಟೀರಿಯ. ಇಲ್ಲಿ ನೆಲದವರು ಎಂಬ ಮಾತಿನ ವ್ಯಾಪ್ತಿ ಹಿಗ್ಗುತ್ತದೆ. ಭೂಮಿಯ ಅತಿ ಚಿಕ್ಕ ಜೀವಿಗಳೂ ಇಲ್ಲಿನ ನಿವಾಸಿಗಳೇ, ದಾಳಿಕೋರ ಅವನ್ನು ನಿವಾಸಿಗಳ ಪಟ್ಟಿಗೆ ಸೇರಿಸಿರಲಿಲ್ಲ. ಮನುಷ್ಯ ಲಕ್ಷಾಂತರ ವರ್ಷ ರೋಗಕ್ಕೆ ಬಲಿಯಾಗುತ್ತ ಗಳಿಸಿದ ಸಹನಶಕ್ತಿ ಅವನ ಪಾಲಿಗೆ ಕೋಟೆಯಾಗುತ್ತದೆ ಎನ್ನುವುದು ಜೀವವಿಕಾಸ ಶಾಸ್ತ್ರವನ್ನು ಓದಿದ ಲೇಖಕನ ವಿಚಾರ. ಈ ಕಾದಂಬರಿ ಕಾಮಿಕ್ಸ್‌ಗೂ ಇಳಿದಿದೆ. 1955ರಲ್ಲಿ 'ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್' ಮಾಲೆಯ 124ನೇ ಸಂಚಿಕೆಯಾಗಿ ಲೂ ಕ್ಯಾಮೆರಾನ್‌ನ ಚಿತ್ರಗಳೊಂದಿಗೆ ಬಂತು.

ಕಥಾವಸ್ತು ಪಕ್ವವಾದದ್ದು ಅಮೆರಿಕದ ವೈಜ್ಞಾನಿಕ ಕಥೆಗಳ ಅಗ್ಗದ ಪತ್ರಿಕೆಗಳಲ್ಲಿ. 'ಅಸ್ಟೌಂಡಿಂಗ್' ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್‌ಗೆ ಮನುಷ್ಯ ಕೊನೆಗೆ ಮೇಲುಗೈ ಸಾಧಿಸುವ ಕಥೆಗಳೆಂದರೆ ಒಲವು. ಎರಿಕ್ ಫ್ರ್ಯಾಂಕ್ ರಸೆಲ್‌ನ 'ಅಂಡ್ ದೆನ್ ದೇರ್ ವರ್ ನನ್' ಅಲ್ಲಿ 1951ರಲ್ಲಿ ಪ್ರಕಟವಾಯಿತು. ದೊಡ್ಡ ನೌಕೆಯೊಂದು ಅಧಿಕಾರ ಸ್ಥಾಪಿಸಲು ಒಂದು ಗ್ರಹಕ್ಕೆ ಬರುತ್ತದೆ. ಅಲ್ಲಿನ ಜನ ಕೈ ಎತ್ತುವುದೇ ಇಲ್ಲ, ಹೇಳಿದ್ದನ್ನು ಮಾಡುವುದಿಲ್ಲ ಎಂದಷ್ಟೇ ಹೇಳುತ್ತಾರೆ. ಅವರ ಬದುಕಿನ ಬಗೆಗೆ ಮಾರುಹೋಗಿ ನೌಕೆಯ ಆಳುಗಳೇ ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ. ಗಾಂಧೀಜಿಯ ಅಸಹಕಾರವನ್ನು ಬಲ್ಲ ಭಾರತೀಯ ಓದುಗನಿಗೆ ಈ ಕಥೆ ಬೇಗ ಆಪ್ತವಾಗುತ್ತದೆ. 1956ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಕ್ರಿಸ್ಟೋಫರ್ ಆನ್ವಿಲ್‌ನ 'ಪಂಡೋರಾಸ್ ಪ್ಲಾನೆಟ್' ಕಥೆಯಲ್ಲಿ ದಾಳಿಕೋರರ ಬಳಿ ನೌಕೆಗಳಿವೆ, ಬುದ್ಧಿ ಮಾತ್ರ ಮನುಷ್ಯರಿಗಿಂತ ಕಡಿಮೆ. ಪೋಲ್ ಆಂಡರ್ಸನ್ 1960ರ 'ದಿ ಹೈ ಕ್ರುಸೇಡ್'ನಲ್ಲಿ ನೌಕೆಯನ್ನು 1345ರ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಇಳಿಸುತ್ತಾನೆ. ದೂರದಿಂದ ಸುಡುವ ಆಯುಧಗಳಿಗೆ ಒಗ್ಗಿಹೋದ ದಾಳಿಕೋರರಿಗೆ ಎದುರೆದುರು ನಿಂತು ಕತ್ತಿ ಬೀಸುವುದು ಮರೆತೇಹೋಗಿದೆ. ಹಳ್ಳಿಗರು ನೌಕೆಯನ್ನೇ ವಶಪಡಿಸಿಕೊಳ್ಳುತ್ತಾರೆ.

ಇವುಗಳ ನಡುವೆ ವಿಲಿಯಂ ಟೆನ್‌ನ 'ದಿ ಲಿಬರೇಶನ್ ಆಫ್ ಅರ್ಥ್' ಎದುರು ದಿಕ್ಕಿನಲ್ಲಿ ನಿಲ್ಲುತ್ತದೆ. 1953ರ ಈ ಕಥೆಯಲ್ಲಿ ಎರಡು ಅನ್ಯಗ್ರಹ ಶಕ್ತಿಗಳು ಸರದಿಯಂತೆ ಭೂಮಿಯನ್ನು ವಿಮೋಚನೆ ಮಾಡುತ್ತ ಮಾಡುತ್ತ ಅದನ್ನು ಬಾಳಲಾಗದ ಉಂಡೆಯಾಗಿಸುತ್ತವೆ. ನೆಲದವರು ಇಲ್ಲಿ ಗೆಲ್ಲುವುದಿಲ್ಲ. ಕಡೆಗಣಿಸಿದವರಿಗೆ ಶಿಕ್ಷೆ ಆಗಿಯೇ ತೀರುತ್ತದೆ ಎಂಬ ಭರವಸೆ ಇತಿಹಾಸದಲ್ಲಿ ಇಲ್ಲ ಎನ್ನುವುದನ್ನು ಟೆನ್ ಮರೆಯಲಿಲ್ಲ. ಇಸಾಂಡ್ಲ್‌ವಾನಾದ ಗೆಲುವಿನ ಆರು ತಿಂಗಳೊಳಗೆ ಜುಲು ರಾಜಧಾನಿ ಉಲುಂಡಿ ಸುಟ್ಟು ಬೂದಿಯಾಗಿತ್ತು.

ಕಾಮಿಕ್ಸ್‌ಗೆ ಈ ವಸ್ತು ದೊಡ್ಡ ಪ್ರಮಾಣದಲ್ಲಿ ಬಂದದ್ದು 1950ರ ನಂತರ. ಆ ವರ್ಷ ವಿಲಿಯಂ ಗೇನ್ಸ್‌ನ ಇಸಿ ಸಂಸ್ಥೆ 'ವಿಯರ್ಡ್ ಸೈನ್ಸ್', 'ವಿಯರ್ಡ್ ಫ್ಯಾಂಟಸಿ' ಎಂಬ ಎರಡು ಮಾಲೆಗಳನ್ನು ಆರಂಭಿಸಿತು. ಹೆಚ್ಚಿನ ಕಥೆಗಳನ್ನು ಆಲ್ ಫೆಲ್ಡ್‌ಸ್ಟೈನ್ ಬರೆಯುತ್ತಿದ್ದ, ವಾಲಿ ವುಡ್, ಜೋ ಒರ್ಲಾಂಡೊ, ಆಲ್ ವಿಲಿಯಮ್ಸನ್ ಮೊದಲಾದವರು ಬರೆದ ಚಿತ್ರಗಳು ಇಂದಿಗೂ ಅಭ್ಯಾಸಕ್ಕೆ ಯೋಗ್ಯ. ಕೊನೆಯ ಚೌಕಟ್ಟಿನಲ್ಲಿ ಓದುಗನಿಗೆ ಆಘಾತ ಕೊಡುವ ಕಥೆ ಇಸಿಯ ಮುದ್ರೆಯಾಯಿತು. 1954ರಲ್ಲಿ ಜಾರಿಗೆ ಬಂದ ಕಾಮಿಕ್ಸ್ ಸಂಹಿತೆ ಹಿಂಸೆ, ಭಯಾನಕತೆಗಳ ಮೇಲೆ ಕಡಿವಾಣ ಹಾಕಿದ ಮೇಲೆ ಇಸಿಯ ಕಾಮಿಕ್ಸ್ ಬಹುಬೇಗ ನಿಂತುಹೋದವು. ಆದರೆ ಕಿರುಕಥೆಯ ಆ ಎರಕ ಉಳಿಯಿತು.

ಆ ಎರಕದಲ್ಲೇ ಕೈ ಪಳಗಿಸಿಕೊಂಡವರು ಸ್ಟಾನ್ ಲೀ, ಜ್ಯಾಕ್ ಕರ್ಬಿ ಮತ್ತು ಸ್ಟೀವ್ ಡಿಟ್ಕೊ. 'ಸ್ಟ್ರೇಂಜ್ ಟೇಲ್ಸ್', 'ಜರ್ನಿ ಇಂಟು ಮಿಸ್ಟರಿ' ಮಾಲೆಗಳಲ್ಲಿ ಅವರು ತಿಂಗಳು ತಿಂಗಳೂ ದೈತ್ಯರ, ಅನ್ಯಗ್ರಹದವರ ಕಿರುಕಥೆಗಳನ್ನು ಕೊಡುತ್ತಿದ್ದರು. ಥಾರ್ ಎಂಬ ಪಾತ್ರ ಮೊದಲು ಕಾಣಿಸಿಕೊಂಡದ್ದೂ ಇಂಥದೇ ಕಥೆಯಲ್ಲಿ. 1962ರ ಆಗಸ್ಟ್ ದಿನಾಂಕದ 'ಜರ್ನಿ ಇಂಟು ಮಿಸ್ಟರಿ' 83ನೇ ಸಂಚಿಕೆಯಲ್ಲಿ ಶನಿಗ್ರಹದ ಕಲ್ಲುಮನುಷ್ಯರು ನಾರ್ವೆಯ ಕಡಲತೀರಕ್ಕೆ ಇಳಿಯುತ್ತಾರೆ. ಅವರನ್ನು ಕಂಡ ಮುದುಕನ ಮಾತನ್ನು ಊರವರು ನಂಬುವುದಿಲ್ಲ. ಕುಂಟುತ್ತ ಕೋಲೂರಿ ನಡೆಯುವ ಡಾಕ್ಟರ್ ಡೊನಾಲ್ಡ್ ಬ್ಲೇಕ್ ಒಬ್ಬನೇ ಹೋಗಿ ನೋಡುತ್ತಾನೆ, ಅವರಿಂದ ತಪ್ಪಿಸಿಕೊಳ್ಳಲು ಹೊಕ್ಕ ಗುಹೆಯಲ್ಲಿ ಹಳೆಯ ಕೋಲೊಂದನ್ನು ಕಂಡು ಅದರಿಂದ ಬಂಡೆ ಬಡಿದಾಗ ಥಾರ್ ಆಗುತ್ತಾನೆ. ಭೂಮಿಯಲ್ಲಿ ಇಂಥವರೇ ತುಂಬಿದ್ದಾರೆಂದು ಎಣಿಸಿ ಕಲ್ಲುಮನುಷ್ಯರು ಓಡಿಹೋಗುತ್ತಾರೆ. ಕಥೆಯಾಗಿ ಇದು ಸಾಮಾನ್ಯದ್ದು. ದಾಳಿಕೋರರನ್ನು ಸೋಲಿಸುವ ಬಲ ಆಕಾಶದಿಂದ ಉದುರಿದಂತೆ ಬರುತ್ತದೆ, ಅವರು ಎಷ್ಟು ಎಚ್ಚರದಿಂದ ನೋಡಿದ್ದರೂ ಅದು ಕಾಣುತ್ತಿರಲಿಲ್ಲ. ಹಾಗಾಗಿ ಅವರ ಸೋಲಿಗೂ ಅವರ ಸೊಕ್ಕಿಗೂ ನಂಟು ಉಳಿಯುವುದಿಲ್ಲ.

ಅದೇ ವರ್ಷದ ಜನವರಿಯ 'ಫೆಂಟಾಸ್ಟಿಕ್ ಫೋರ್' ಎರಡನೇ ಸಂಚಿಕೆ ಇದಕ್ಕಿಂತ ಬಹಳ ಜಾಣ ಕಥೆ. ರೂಪ ಬದಲಿಸಬಲ್ಲ ಸ್ಕ್ರಲ್ಲರು ನಾಲ್ವರು ನಾಯಕರ ವೇಷ ಹಾಕಿ ಅಪರಾಧಗಳನ್ನು ಮಾಡಿ ಅವರಿಗೆ ಕೆಟ್ಟ ಹೆಸರು ತರುತ್ತಾರೆ. ಕೊನೆಗೆ ನಾಯಕರೇ ಸ್ಕ್ರಲ್ಲರಂತೆ ನಟಿಸುತ್ತ ಅವರ ಮುಖ್ಯ ನೌಕೆಗೆ ಹೋಗುತ್ತಾರೆ. ಭೂಮಿಯ ಸೈನ್ಯ ಹೇಗಿದೆ ನೋಡಿ ಎಂದು ರೀಡ್ ರಿಚರ್ಡ್ಸ್ ದಳಪತಿಗೆ ಕೆಲವು ಚಿತ್ರಗಳನ್ನು ತೋರಿಸುತ್ತಾನೆ. ಭಯಂಕರ ದೈತ್ಯರ, ರಾಕ್ಷಸ ಕೀಟಗಳ ಆ ಚಿತ್ರಗಳನ್ನು ಅವನು ಕತ್ತರಿಸಿಕೊಂಡದ್ದು 'ಸ್ಟ್ರೇಂಜ್ ಟೇಲ್ಸ್' ಮತ್ತು 'ಜರ್ನಿ ಇಂಟು ಮಿಸ್ಟರಿ' ಕಾಮಿಕ್ಸ್‌ನಿಂದ. ದಳಪತಿ ಅವನ್ನು ನಿಜವೆಂದೇ ನಂಬಿ ನೌಕೆ ತಿರುಗಿಸುತ್ತಾನೆ. ಹಿಂದೆ ಉಳಿದ ಮೂವರು ಸ್ಕ್ರಲ್ಲರನ್ನು ಸಮ್ಮೋಹನದಿಂದ ಹಸುಗಳಾಗಿ ಮೇಯಲು ಬಿಡಲಾಗುತ್ತದೆ. ಮಕ್ಕಳ ಓದೆಂದು ಸಮಾಜ ತಳ್ಳಿಹಾಕಿದ್ದ ಅಗ್ಗದ ಕಾಗದದ ಕಾಮಿಕ್ಸ್ ಇಲ್ಲಿ ಭೂಮಿಯ ರಕ್ಷಣೆಗೆ ನಿಲ್ಲುತ್ತದೆ. ದಾಳಿಕೋರನಿಗೆ ಗೊತ್ತಿಲ್ಲದ್ದು ಒಂದೇ, ಇಲ್ಲಿನವರು ಇಲ್ಲದ್ದನ್ನು ಕಲ್ಪಿಸಿ ಚಿತ್ರ ಬರೆಯುತ್ತಾರೆ ಎಂಬುದು. ವೇಷವನ್ನೇ ಬಂಡವಾಳ ಮಾಡಿಕೊಂಡ ಜನಾಂಗ ಕಟ್ಟುಕಥೆಗೆ ಮೋಸಹೋಗುವುದರಲ್ಲಿ ಒಳ್ಳೆಯ ನ್ಯಾಯವಿದೆ.

ಬ್ರಿಟನ್ನಿನಲ್ಲಿ ಕಿರು ಕಾಮಿಕ್ಸ್‌ನ ದೊಡ್ಡ ಶಾಲೆ '2000 ಎಡಿ' ವಾರಪತ್ರಿಕೆ. 1977ರ ಫೆಬ್ರವರಿಯಲ್ಲಿ ಬಂದ ಅದರ ಮೊದಲ ಸಂಚಿಕೆಯಲ್ಲೇ 'ಇನ್ವೇಶನ್!' ಎಂಬ ಧಾರಾವಾಹಿ ಇತ್ತು. ಬ್ರಿಟನ್ನನ್ನು ಆಕ್ರಮಿಸಿದ ಪರದೇಶದ ಸೈನ್ಯವನ್ನು ಅದರಲ್ಲಿ ಕಾಡುವವನು ಬಿಲ್ ಸ್ಯಾವೇಜ್ ಎಂಬ ಲಾರಿ ಚಾಲಕ. ಆರು ತಿಂಗಳ ನಂತರ ಸ್ಟೀವ್ ಮೂರ್ ಆರಂಭಿಸಿದ 'ಫ್ಯೂಚರ್ ಶಾಕ್ಸ್' ಮಾಲೆಯಲ್ಲಿ ಐದು ಪುಟ ಮೀರದ ಬಿಡಿ ಕಥೆಗಳು ಬರುತ್ತಿದ್ದವು. ಹೊಸ ಬರಹಗಾರರು ತಮ್ಮ ಕೈ ತೋರಿಸಬೇಕಾಗಿದ್ದ ಜಾಗ ಅದು. ಅಲನ್ ಮೂರ್ 1980ರ ದಶಕದ ಆರಂಭದಲ್ಲಿ ಇಲ್ಲಿ ಹತ್ತಾರು ಕಥೆಗಳನ್ನು ಬರೆದ. ಅವನ 'ಗ್ರಾಕ್ಸ್ ಬೇರಿಂಗ್ ಗಿಫ್ಟ್ಸ್' ಕಥೆಯಲ್ಲಿ ಅನ್ಯಗ್ರಹದವರು ಪ್ರವಾಸಿಗರಂತೆ ಬಂದು ಭೂಮಿಯನ್ನು ಕೊಂಡುಕೊಳ್ಳುತ್ತಾರೆ. ಬಂದವರನ್ನು ಪೆದ್ದರೆಂದು ಎಣಿಸಿದ ಮನುಷ್ಯರೇ ನೆಲ ಕಳೆದುಕೊಳ್ಳುತ್ತಾರೆ. ಅಮೆರಿಕದ ಮೂಲನಿವಾಸಿಗಳಿಗೆ ಆದದ್ದರ ನೆರಳು ಆ ಕಥೆಯ ಮೇಲಿದೆ.

ಈ ವಸ್ತುವನ್ನು ಅತಿ ಎತ್ತರಕ್ಕೆ ಒಯ್ದ ಕೃತಿ ಮಾತ್ರ ಅರ್ಜೆಂಟೀನದ್ದು, ಮತ್ತು ಅದು ಕಿರುಕಥೆಯಲ್ಲ. ಹೆಕ್ಟರ್ ಜರ್ಮನ್ ಓಸ್ಟರ್‌ಹೆಲ್ಡ್ ಬರೆದು ಫ್ರಾನ್ಸಿಸ್ಕೊ ಸೊಲಾನೊ ಲೋಪೆಜ್ ಚಿತ್ರಿಸಿದ 'ಎಲ್ ಎಟರ್ನೌತಾ' 1957ರ ಸೆಪ್ಟೆಂಬರ್ 4ರಿಂದ 1959ರವರೆಗೆ ವಾರಕ್ಕೊಂದು ಕಂತಿನಂತೆ ಬಂತು. ಬ್ಯೂನಸ್ ಐರಿಸ್‌ನ ಹೊರವಲಯದ ಒಂದು ಮನೆಯಲ್ಲಿ ನಾಲ್ವರು ಗೆಳೆಯರು ಇಸ್ಪೀಟು ಆಡುತ್ತಿರುತ್ತಾರೆ. ಹೊರಗೆ ಹಿಮ ಬೀಳತೊಡಗುತ್ತದೆ, ಅದು ಮೈಗೆ ಸೋಕಿದವರು ಸಾಯುತ್ತಾರೆ. ಮನೆಯೊಡೆಯ ಹ್ವಾನ್ ಸಾಲ್ವೊ ಮೈಯೆಲ್ಲ ಮುಚ್ಚುವ ಉಡುಪು ತೊಟ್ಟು, ನೀರಿನಲ್ಲಿ ಮುಳುಗುವವರು ಹಾಕುವಂಥ ಮುಖಗವಸು ಧರಿಸಿ ಬೀದಿಗಿಳಿಯುತ್ತಾನೆ. ಆ ಚಿತ್ರ ಇಂದು ಅರ್ಜೆಂಟೀನದ ಗೋಡೆಗೋಡೆಗಳ ಮೇಲೆ ಕಾಣಸಿಗುತ್ತದೆ.

ಸಾಲ್ವೊನ ಬಳಗದಲ್ಲಿ ಭೌತಶಾಸ್ತ್ರದ ಅಧ್ಯಾಪಕ ಫವಾಲಿ ಇದ್ದಾನೆ, ಲೇತ್ ಕೆಲಸಗಾರ ಫ್ರಾಂಕೊ ಇದ್ದಾನೆ. ಅತಿಮಾನುಷ ಶಕ್ತಿ ಯಾರಿಗೂ ಇಲ್ಲ. ನಿಜವಾದ ನಾಯಕ ಒಬ್ಬನಲ್ಲ, ಒಂದು ಗುಂಪು ಎನ್ನುವುದು ಓಸ್ಟರ್‌ಹೆಲ್ಡ್‌ನ ಖಚಿತ ನಿಲುವಾಗಿತ್ತು. ದಾಳಿಕೋರರನ್ನು ಆತ 'ಅವರು' ಎಂದಷ್ಟೇ ಕರೆಯುತ್ತಾನೆ, ಒಮ್ಮೆಯೂ ತೋರಿಸುವುದಿಲ್ಲ. ಅವರ ಪರವಾಗಿ ಕಾದುವವರು ಅವರೇ ಗೆದ್ದು ಆಳಾಗಿಸಿಕೊಂಡ ಬೇರೆ ಗ್ರಹಗಳ ಜೀವಿಗಳು. ಆ ಪೈಕಿ 'ಮನೋ' ಎಂಬ ಜನರ ದೇಹದಲ್ಲಿ ಭಯದ ಗ್ರಂಥಿಯೊಂದನ್ನು ಇಡಲಾಗಿದೆ. ಅವರು ಹೆದರಿದ ಕೂಡಲೆ ಅದರಿಂದ ವಿಷ ಹರಿದು ಸಾಯುತ್ತಾರೆ, ಹಾಗಾಗಿ ಒಡೆಯರ ವಿರುದ್ಧ ಏಳುವಂತಿಲ್ಲ. ಸಾಮ್ರಾಜ್ಯಗಳು ಒಬ್ಬ ನೆಲದವನಿಂದ ಇನ್ನೊಬ್ಬ ನೆಲದವನನ್ನು ಹೊಡೆಸುವ ಬಗೆಯನ್ನು ಕಾಮಿಕ್ಸ್ ಇಷ್ಟು ನೇರವಾಗಿ ಹೇಳಿದ್ದು ಅಪರೂಪ. 'ಅವರು' ಕಡೆಗಣಿಸಿದ್ದು ನೆರೆಹೊರೆಯವರು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎಂಬುದನ್ನು. ಇಷ್ಟಾದರೂ ಸಾಲ್ವೊ ಗೆಲ್ಲುವುದಿಲ್ಲ, ಕಾಲದಲ್ಲಿ ಕಳೆದುಹೋಗುತ್ತಾನೆ.

1969ರಲ್ಲಿ ಓಸ್ಟರ್‌ಹೆಲ್ಡ್ ಇದೇ ಕಥೆಯನ್ನು ಅಲ್ಬರ್ತೊ ಬ್ರೆಚ್ಚಿಯಾನ ಚಿತ್ರಗಳೊಂದಿಗೆ ಮತ್ತೆ ಬರೆದ. ಅದರಲ್ಲಿ ಮಹಾಶಕ್ತಿಗಳು ತಮ್ಮ ಸುರಕ್ಷತೆಗಾಗಿ ದಕ್ಷಿಣ ಅಮೆರಿಕವನ್ನು ದಾಳಿಕೋರರಿಗೆ ಒಪ್ಪಿಸಿಬಿಡುತ್ತವೆ. ಪ್ರಕಟಿಸುತ್ತಿದ್ದ ಪತ್ರಿಕೆ ಅದನ್ನು ಅವಸರದಲ್ಲಿ ಮುಗಿಸಿತು. 1977ರಲ್ಲಿ ಅರ್ಜೆಂಟೀನದ ಸೈನಿಕ ಸರ್ಕಾರದ ಪಡೆಗಳು ಓಸ್ಟರ್‌ಹೆಲ್ಡ್‌ನನ್ನು ಅಪಹರಿಸಿದವು, ಅವನು ಮರಳಲಿಲ್ಲ. ಅವನ ನಾಲ್ವರು ಹೆಣ್ಣುಮಕ್ಕಳೂ ಅದೇ ಆಳ್ವಿಕೆಗೆ ಬಲಿಯಾದರು. 'ಎಲ್ ಎಟರ್ನೌತಾ' ಮೊದಲು ಅಚ್ಚಾದ ಸೆಪ್ಟೆಂಬರ್ 4ನ್ನು ಅರ್ಜೆಂಟೀನ ಈಗ ಕಾಮಿಕ್ಸ್ ದಿನವಾಗಿ ಆಚರಿಸುತ್ತದೆ.

ಈ ಕಥೆಗಳಲ್ಲಿ ದಾಳಿಕೋರರು ಮಾಡುವ ತಪ್ಪು ಒಂದೇ ಬಗೆಯದಲ್ಲ. ಕೆಲವರು ಗಾತ್ರದಲ್ಲಿ ಎಡವುತ್ತಾರೆ. ಡಗ್ಲಸ್ ಆಡಮ್ಸ್‌ನ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ'ಯಲ್ಲಿ ಭೂಮಿಯ ಮೇಲೆ ಎರಗಿದ ಇಡೀ ಯುದ್ಧನೌಕಾಪಡೆಯನ್ನು ಪುಟ್ಟ ನಾಯಿಯೊಂದು ನುಂಗುತ್ತದೆ. ಕೆಲವರು ಕಾಲದಲ್ಲಿ ಎಡವುತ್ತಾರೆ. ಹ್ಯಾರಿ ಟರ್ಟಲ್‌ಡವ್‌ನ 'ವರ್ಲ್ಡ್‌ವಾರ್' ಮಾಲೆ 1994ರಲ್ಲಿ ಆರಂಭವಾಯಿತು. ಅದರಲ್ಲಿ ಹಲ್ಲಿಯಂಥ ದಾಳಿಕೋರರ ಕೈಯಲ್ಲಿರುವುದು ಎಂಟುನೂರು ವರ್ಷ ಹಿಂದೆ ತೆಗೆದ ಕುದುರೆ ಸವಾರನ ಚಿತ್ರ, ಅವರು ಬಂದು ತಲುಪುವುದು 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಅವನದೇ ಕಿರುಕಥೆ 'ದಿ ರೋಡ್ ನಾಟ್ ಟೇಕನ್'ನಲ್ಲಿ ತಪ್ಪು ಇನ್ನೊಂದು ಬಗೆಯದು. ಅಲ್ಲಿ ನಕ್ಷತ್ರಗಳ ನಡುವೆ ಹಾರುವ ವಿದ್ಯೆ ಬಹಳ ಸುಲಭ, ಮನುಷ್ಯರ ಕಣ್ಣಿಗೆ ಮಾತ್ರ ಅದು ಬಿದ್ದಿಲ್ಲ. ಹಾರಿಬಂದವರ ಕೈಯಲ್ಲಿರುವುದು ಹಳೆಯ ಕಾಲದ ಮದ್ದು ತುಂಬುವ ಬಂದೂಕು. ಒಂದು ವಿದ್ಯೆಯಲ್ಲಿ ಮುಂದಿದ್ದವರು ಎಲ್ಲದರಲ್ಲೂ ಮುಂದಿರುತ್ತಾರೆ ಎಂಬ ನಂಬಿಕೆ ಎಷ್ಟು ಟೊಳ್ಳು ಎನ್ನುವುದನ್ನು ಇದಕ್ಕಿಂತ ಚೊಕ್ಕಟವಾಗಿ ತೋರಿಸಿದ ಕಥೆ ಸಿಗುವುದು ಕಷ್ಟ.

ಕಾಮಿಕ್ಸ್‌ಗೆ ಈ ವಸ್ತು ಇಷ್ಟು ಒಗ್ಗಲು ಕಾರಣ ಆ ಮಾಧ್ಯಮದ ರಚನೆಯಲ್ಲೇ ಇದೆ. ಗದ್ಯದಲ್ಲಿ ದಾಳಿಕೋರ ಕಂಡದ್ದನ್ನು ಓದುಗ ಅವನ ಮಾತಿನ ಮೂಲಕವೇ ಕಾಣಬೇಕು. ಕಾಮಿಕ್ಸ್‌ನಲ್ಲಿ ಮಾತಿನ ಗುಳ್ಳೆ ಒಂದನ್ನು ಹೇಳುತ್ತಿರುವಾಗ ಚಿತ್ರ ಇನ್ನೊಂದನ್ನು ತೋರಿಸಬಹುದು. 'ಇಲ್ಲಿ ಅಪಾಯವೇನೂ ಇಲ್ಲ' ಎಂದು ದಳಪತಿ ವರದಿ ಕಳಿಸುತ್ತಿದ್ದಾನೆ, ಅವನ ಬೆನ್ನ ಹಿಂದೆ ಮುದುಕಿಯೊಬ್ಬಳು ಬಾವಿಕಟ್ಟೆಯ ಬಳಿ ನಿಂತು ಅವನನ್ನೇ ನೋಡುತ್ತಿದ್ದಾಳೆ. ಸುಳಿವು ಚಿತ್ರದಲ್ಲಿದೆ, ಮಾತಿನಲ್ಲಿಲ್ಲ. ದಳಪತಿಯಂತೆ ಓದುಗನೂ ಅದನ್ನು ದಾಟಿ ಹೋಗುತ್ತಾನೆ, ಕೊನೆಯ ಪುಟ ಓದಿ ಹಿಂದಕ್ಕೆ ತಿರುವಿದಾಗ ಅದು ಅಲ್ಲೇ ಇತ್ತೆಂದು ಕಾಣುತ್ತದೆ. ಮಗುಚುವ ಚೌಕಟ್ಟನ್ನು ಎಡಪುಟದ ಮೇಲ್ತುದಿಯಲ್ಲಿ ಇಡುವುದು, ಪುಟ ತಿರುವುವವರೆಗೆ ಅದು ಕಣ್ಣಿಗೆ ಬೀಳದಂತೆ ಕಾಯುವುದು ಕಲಾವಿದರ ಹಳೆಯ ಪದ್ಧತಿ.

ವಸ್ತುವಿಗೆ ತನ್ನದೇ ಆದ ಕುಂದುಗಳೂ ಇವೆ. ಸಾಮ್ರಾಜ್ಯ ಕಟ್ಟಿದ ದೇಶಗಳ ಬರಹಗಾರರು ತಮ್ಮನ್ನೇ ಬಡಪಾಯಿ ನೆಲದವರ ಜಾಗದಲ್ಲಿ ನಿಲ್ಲಿಸಿಕೊಂಡಾಗ ವೆಲ್ಸ್‌ನಲ್ಲಿದ್ದ ಪಾಪಪ್ರಜ್ಞೆ ಸೋರಿಹೋಗಿ ಬರೀ ಆತ್ಮಪ್ರಶಂಸೆ ಉಳಿಯುತ್ತದೆ. 1996ರ 'ಇಂಡಿಪೆಂಡೆನ್ಸ್ ಡೇ' ಸಿನಿಮಾ ಇದರ ದೊಡ್ಡ ಉದಾಹರಣೆ. ಅಲ್ಲಿ ಅಮೆರಿಕ ಮುಂದೆ ನಡೆದರೆ ಉಳಿದ ಜಗತ್ತು ಹಿಂದೆ ಬರುತ್ತದೆ. ಮನುಷ್ಯರೇ ದಾಳಿಕೋರರಾಗಿರುವ ಕಥೆಗಳು ಹೆಚ್ಚು ಪ್ರಾಮಾಣಿಕ. ಉರ್ಸುಲಾ ಲೆ ಗ್ವಿನ್ ವಿಯೆಟ್ನಾಂ ಯುದ್ಧದ ಸಿಟ್ಟಿನಲ್ಲಿ ಬರೆದು 1972ರಲ್ಲಿ ಪ್ರಕಟಿಸಿದ 'ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್' ಅಂಥದು. ಅದರಲ್ಲಿ ಮರ ಕಡಿಯಲು ಬಂದ ಮನುಷ್ಯರ ವಿರುದ್ಧ ಕಾಡಿನ ಜನ ತಿರುಗಿ ಬೀಳುತ್ತಾರೆ ಮತ್ತು ಗೆಲ್ಲುತ್ತಾರೆ. ಗೆಲುವಿನ ಜೊತೆಗೆ ಕೊಲ್ಲುವುದನ್ನೂ ಕಲಿತ ನೋವು ಅವರಲ್ಲಿ ಉಳಿಯುತ್ತದೆ. ಜಾರ್ಜ್ ಲೂಕಾಸ್ 1983ರ 'ರಿಟರ್ನ್ ಆಫ್ ದಿ ಜೆಡೈ'ನಲ್ಲಿ ಈವಾಕ್‌ಗಳನ್ನು ತಂದಾಗ ಅವನ ಮನಸ್ಸಿನಲ್ಲಿದ್ದದ್ದೂ ವಿಯೆಟ್ನಾಮೇ, ಆದರೆ ಕರಡಿ ಗೊಂಬೆಗಳಂಥ ಆ ಜೀವಿಗಳ ಗೆಲುವಿಗೆ ಅವನು ಯಾವ ಬೆಲೆಯನ್ನೂ ಕಟ್ಟಲಿಲ್ಲ.

'ಎಲ್ ಎಟರ್ನೌತಾ' ಇಂಗ್ಲಿಷಿಗೆ ಬಂದದ್ದು ತೀರ ತಡವಾಗಿ, 2015ರಲ್ಲಿ. 2025ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯಾದ ಮೇಲೆ ಅದರ ಹೆಸರು ಅರ್ಜೆಂಟೀನದ ಆಚೆಗೂ ಹಬ್ಬಿದೆ. ಸ್ಪ್ಯಾನಿಷ್ ಬಲ್ಲ ಕನ್ನಡಿಗರು ಇಂದು ಬೆಂಗಳೂರಿನಲ್ಲೇ ಸಾಕಷ್ಟು ಮಂದಿ ಸಿಗುತ್ತಾರೆ. ಅವರಲ್ಲಿ ಒಬ್ಬರು ಮೂಲದಿಂದಲೇ ಅದನ್ನು ಕನ್ನಡಕ್ಕೆ ತರಬೇಕು, ಪ್ರಕಾಶಕರೊಬ್ಬರು ಚಿತ್ರಗಳಿಗೆ ತಕ್ಕ ದೊಡ್ಡ ಅಳತೆಯ ಪುಟದಲ್ಲಿ ಅದನ್ನು ಅಚ್ಚು ಹಾಕಬೇಕು.